48 ವೋಲ್ಟ್ ಕೊಡ್ದೆ ಮೈಕ್ ಕೆಟ್ಟಿದೆ ಅಂದ್ರೆ ಹೆಂಗೆ ಸ್ವಾಮಿ

ಸೆಲ್ಲರ್ ಸಪೋರ್ಟ್‌ನೋರಿಗೆ,

ವಿಷಯ: ಮಾರಿದ್ದ ಮೈಕ್ ಚೆಕ್ ಮಾಡ್ದೆ ವಾಪಸ್ ಕಳ್ಸಿ ನನ್ನ ದುಡ್ಡು ಹಿಡ್ಕೊಂಡಿರೋದು

ಸರ್/ಮೇಡಂ, ಚಾಟ್‌ನಲ್ಲಿ ಇದನ್ನೇ ನಾಲ್ಕ್ ಸಲ ಬರ್ದಾಯ್ತು, ನಾಲ್ಕ್ ಸಲಾನೂ "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ" ಅಂತ ಬಂತು, ಅದಕ್ಕೆ ಈ ಪತ್ರ.

ನಿಮ್ಮ ಆ್ಯಪ್‌ನಲ್ಲಿ ನನ್ನ ರೋಡ್ ಎನ್‌ಟಿ1-ಎ ಕಂಡೆನ್ಸರ್ ಮೈಕ್‌ನ 11,500ಕ್ಕೆ ಮಾರಿದ್ದೆ. ಮನೇಲೇ ಭಾವಗೀತೆ, ದೇವರನಾಮ ರೆಕಾರ್ಡ್ ಮಾಡ್ತಿದ್ದ ಮೈಕ್ ಅದು, ಕೆಲ್ಸ ಇಲ್ದಾಗ ಸಿಲಿಕಾ ಜೆಲ್ ಜೊತೆ ಪೌಚ್‌ನಲ್ಲಿ ಇಡ್ತಿದ್ದೆ, ನಮ್ಮನೇಲಿ ಬೇರೆ ಯಾರಿಗೂ ಮುಟ್ಟೋಕ್ ಬಿಟ್ಟಿಲ್ಲ. ತಗೊಂಡಿದ್ದು ಚಿಕ್ಕಬಳ್ಳಾಪುರದ ಒಬ್ಬ ಹುಡುಗ. ಎರಡೇ ದಿನಕ್ಕೆ "ಸೌಂಡೇ ಬರ್ತಿಲ್ಲ" ಅಂತ ರಿಟರ್ನ್ ಹಾಕಿದಾನೆ, ನೀವು ಅವನ ವಿಡಿಯೋ ನೋಡಿ ಒಪ್ಕೊಂಡು ಪೂರ್ತಿ ದುಡ್ಡು ವಾಪಸ್ ಕೊಟ್ಟು, ಮೇಲಿಂದ ರಿಟರ್ನ್ ಕೊರಿಯರ್ ಅಂತ ನನ್ನ ಅಕೌಂಟಿಂದ 340 ಕಟ್ ಮಾಡಿದೀರ.

ಆ ವಿಡಿಯೋ ನಂಗೂ ಕಳ್ಸಿದೀರಲ್ಲ, ಸರಿಯಾಗಿ ನೋಡಿದೀರಾ? ಕೇಬಲ್‌ನ ಸೀದಾ ಲ್ಯಾಪ್‌ಟಾಪ್ ಇಯರ್‌ಫೋನ್ ತೂತಿಗೆ ಚುಚ್ಚಿದಾನೆ. ಇಂಥ ಕಂಡೆನ್ಸರ್ ಮೈಕ್ ಕೆಲ್ಸ ಮಾಡೋಕೆ 48 ವೋಲ್ಟ್ ಕರೆಂಟ್ ಬೇಕು, ಫ್ಯಾಂಟಮ್ ಪವರ್ ಅಂತಾರೆ, ಅದು ಮಿಕ್ಸರ್ ಇಲ್ಲಾ ಆಡಿಯೋ ಇಂಟರ್‌ಫೇಸಿಂದ (ಮೈಕ್‌ನ ಕಂಪ್ಯೂಟರ್‌ಗೆ ಸೇರ್ಸೋ ಡಬ್ಬಿ) ಸೌಂಡ್ ಬರೋ ಅದೇ ಎಕ್ಸ್‌ಎಲ್‌ಆರ್ ಅನ್ನೋ ಮೂರು ಪಿನ್ನಿನ ಮೈಕ್ ಕೇಬಲ್‌ನಲ್ಲೇ ಹೋಗತ್ತೆ, ಲ್ಯಾಪ್‌ಟಾಪ್ ತೂತಲ್ಲಿ ಅಷ್ಟೊಂದು ಎಲ್ಲಿಂದ ಬರ್ಬೇಕು. ಸಾಲದ್ದಕ್ಕೆ ಮೈಕ್‌ನ ಮುಂಭಾಗ ಯಾವ್ದು ಅಂತ ತೋರ್ಸೋ ಗೋಲ್ಡ್ ಚುಕ್ಕೆ ಗೋಡೆ ಕಡೆ ತಿರುಗಿದೆ, ಹಾಡೋರ ಕಡೆ ಇರ್ಬೇಕಾದ್ದು ಆ ಚುಕ್ಕೆ. ಬೋರ್‌ವೆಲ್ ಮೋಟ್ರಿಗೆ ಕರೆಂಟೇ ಕೊಡ್ದೆ ನೀರು ಬರ್ಲಿಲ್ಲ, ಮೋಟ್ರು ಸುಟ್ಟೋಗಿದೆ ಅಂದಂಗಾಯ್ತು. ಹುಡುಗನ್ನ ಬೈಯಲ್ಲ, ಪಾಪ ಹೊಸಬ, ಫೋನ್ ಮಾಡಿದ್ರೆ ಎರಡ್ ನಿಮಿಷದಲ್ಲಿ ಹೇಳ್ತಿದ್ದೆ, ಆದ್ರೆ ನಿಮ್ಮ ಆ್ಯಪ್‌ನಲ್ಲಿ ನಂಬರ್ ಕೊಡಂಗಿಲ್ವಲ್ಲ! ಮಾರಾಟಕ್ಕೆ ಹಾಕುವಾಗ್ಲೇ "48 ವೋಲ್ಟ್ ಬೇಕು" ಅಂತ ಮೊದಲ್ನೇ ಸಾಲಲ್ಲೇ ಬರ್ದಿದ್ದೆ.

ಈಗ ವಾಪಸ್ ಬಂದಿರೋ ಸ್ಥಿತಿ ಕೇಳಿ. ನಾನು ಮೂರು ಸುತ್ತು ಬಬಲ್ ರ‍್ಯಾಪ್ ಸುತ್ತಿ ಥರ್ಮೋಕೋಲ್ ಇಟ್ಟು ಕಳ್ಸಿದ್ದೆ, ಬಂದಿದ್ದು ಬರೀ ನ್ಯೂಸ್ ಪೇಪರ್ ತುಂಬಿದ ಡಬ್ಬ. ಮುಂದಿನ ಜಾಲರಿ ಹೆಬ್ಬೆಟ್ಟು ಒತ್ತಿದಂಗೆ ತಗ್ಗಾಗಿದೆ, ಮೈಕ್ ಅದುರದಂಗೆ ಹಿಡಿಯೋ ಶಾಕ್ ಮೌಂಟ್‌ನ ಎಲಾಸ್ಟಿಕ್ ಒಂದ್ ಕಡೆ ಕಿತ್ತು ಜೋತಾಡ್ತಿದೆ. ಡಬ್ಬ ಒಡೆಯೋದ್ರಿಂದ ಹಿಡಿದು ವಿಡಿಯೋ ಮಾಡಿದೀನಿ, ಇಂಟರ್‌ಫೇಸ್‌ಗೆ ಹಾಕಿ 48ರ ಬಟನ್ ಒತ್ತಿದ ತಕ್ಷಣ ನಿಮ್ಮ ಪ್ರಕಾರ ಸತ್ತೋಗಿರೋ ಮೈಕಲ್ಲಿ ಪಕ್ಕದ್ಮನೆ ಕುಕ್ಕರ್ ವಿಷಲ್ ಕೂಡ ಕೇಳ್ಸತ್ತೆ.

ಆದ್ರೆ ಜಾಲರಿ ತಗ್ಗಾಗಿರೋ ಮೈಕ್‌ನ ಯಾರು ಆ ರೇಟಿಗೆ ತಗೋತಾರೆ? ಜಾಲರಿ, ಶಾಕ್ ಮೌಂಟ್ ಎರಡರ ದುಡ್ಡು ಕೊಡಿ, 340 ವಾಪಸ್ ಹಾಕಿ, ನನ್ನ ಅಕೌಂಟ್ ಮೇಲೆ "ದೋಷವಿರುವ ವಸ್ತು ಮಾರಾಟ" ಅಂತ ಹಾಕಿರೋ ಗುರುತು ತೆಗೀರಿ. ಈ ಮೂರನೇದೇ ನಂಗೆ ಜಾಸ್ತಿ ಉರೀತಿರೋದು. ಹದಿನೈದ್ ದಿನ ನೋಡ್ತೀನಿ, ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಇಲ್ಲೇ ತುಮಕೂರಲ್ಲೇ ಗ್ರಾಹಕರ ಆಯೋಗಾನೂ ಇದೆ.

ವಿಡಿಯೋ ಜೊತೇಲಿಟ್ಟಿದೀನಿ. ದಯವಿಟ್ಟು ಸೌಂಡ್ ಹಾಕ್ಕೊಂಡು ನೋಡಿ.

ಇಂತಿ,
ನಿಮ್ಮ ಸೆಲ್ಲರ್
ಬಟವಾಡಿ, ತುಮಕೂರು