ಹೊಟ್ಟೆ ಡಾಕ್ಟರರ ತರಬೇತಿ ಇಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ನಮ್ಮ ಅವ್ವನ ಕಣ್ಣು ಅರಿಶಿನದಂತೆ ಹಳದಿಯಾಗಿತ್ತು. ಬೆಳಗಾವಿಯ ಯುವ ವೈದ್ಯರೊಬ್ಬರು ಬಾಯಿಯಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಇಳಿಸಿ, ಹೊಟ್ಟೆ ಕೊಯ್ಯದೆ ಕಲ್ಲು ತೆಗೆದರು. ಈ ಕೆಲಸ ಸುಮ್ನೆ ಪುಸ್ತಕ ಓದಿದರೆ ಬರುವುದಿಲ್ಲ, ಅಲ್ವಾ? ಎಂ.ಡಿ. ಮುಗಿಸಿ ಮತ್ತೆ 3 ವರ್ಷ ಡಿ.ಎಂ. (ಒಂದೇ ವಿಭಾಗದ ಉನ್ನತ ತಜ್ಞ ಪದವಿ) ಮಾಡುವವರು ಹಿರಿಯರ ಪಕ್ಕ ನಿಂತೇ ಕಲಿಯಬೇಕು. ಆ ವೈದ್ಯರು ಓದುವಾಗ ಸಮ್ಮೇಳನದಲ್ಲಿ ತಮ್ಮ ಸಂಶೋಧನೆ ಮಂಡಿಸಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದರಂತೆ. ಸುಮಾರು 500 ಕಿ.ಮೀ. ನೋಂದಣಿ ಶುಲ್ಕ, ವಸತಿ ಎಲ್ಲಾ ಕೈಯಿಂದಲೇ. ಹೊಟ್ಟೆ ಡಾಕ್ಟರರ ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸಂಘ 1960ರಿಂದಲೂ ಇದೆ. ಅದು ಕೈಯಾರೆ ಕಲಿಸುವ ಶಿಬಿರಗಳನ್ನು ಬೆಳಗಾವಿ, ವಿಜಯಪುರದಲ್ಲೂ ನಡೆಸಲಿ. ಸಂಶೋಧನೆ ಮಂಡಿಸುವವರ ಖರ್ಚನ್ನು ಸರ್ಕಾರ ಕೊಡಲಿ.

– ಒಬ್ಬ ಓದುಗ, ಗೋಕಾಕ