ಕೈಯಿಡುವ ಮುಂಚೆ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ರೋಗಿಗಳಿಗಾಗಿ ಕ್ರೈಸ್ತರು ಮಾಡುವ ಪ್ರಾರ್ಥನೆಯೆಲ್ಲ ಬೂಟಾಟಿಕೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಓದಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು ನಾನು, ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವವಳು. ವೇದಿಕೆ, ಮೈಕು, ಊರುಗೋಲು ಎಸೆಯುವುದು, ಇವುಗಳ ಪರ ವಾದಿಸಲಾರೆ. ಮನೆಯಲ್ಲಿ ಮಂಚದ ಪಕ್ಕ ದಿನಾ ನಡೆಯುವ ಪ್ರಾರ್ಥನೆಯ ಸಂಗತಿ ಬೇರೆ. ಅದನ್ನೂ ನಮ್ಮವರೇ ಕೆಡಿಸುತ್ತಾರಲ್ಲ ಎಂಬುದು ನನ್ನ ದೂರು.

ನಮ್ಮ ಯಜಮಾನರಿಗೆ ಸರ್ಪಸುತ್ತು ಆಯಿತು, ಎಡಬೆನ್ನಿನಿಂದ ಕಂಕುಳಡಿಯಾಗಿ ಎದೆಯವರೆಗೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು. ನಾವು ಎರಡನೇ ದಿನವೇ ಶುರುಮಾಡಿದೆವು, ಪ್ರಾರ್ಥನೆಯನ್ನೂ. ಗುಳ್ಳೆ ಒಣಗಿದವು, ಉರಿ ಮಾತ್ರ ಉಳಿಯಿತು. ಅಂಗಿ ಸೋಕಿದರೂ ಹಲ್ಲು ಕಚ್ಚುತ್ತಿದ್ದರು. ಆಗ ಸಭೆಯವರೊಬ್ಬರು ಬಂದರು. ಬಂದವರೇ ಕಣ್ಣು ಮುಚ್ಚಿ, ಸರಿಯಾಗಿ ಆ ಎಡಬೆನ್ನಿನ ಮೇಲೇ ಕೈಯೂರಿ ಪ್ರಾರ್ಥನೆಗೆ ಇಳಿದರು. ಇವರ ಕಣ್ಣಲ್ಲಿ ನೀರು. ಅದು ಪವಿತ್ರಾತ್ಮನ ಕೆಲಸ ಎಂದುಕೊಂಡು ಇನ್ನೂ ಒತ್ತಿದರು! ಹೊರಡುವಾಗ ಮಾತ್ರೆ ಬಿಡಿ ಅಂದರು, ನಂಬಿಕೆ ಸಾಲದು ಅಂದರು. ಆ ಮಾತ್ರೆ ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಥಟ್ಟನೆ ನಿಲ್ಲಿಸುವಂಥದ್ದಲ್ಲ. ಅದನ್ನು ನಾನು ನಿಲ್ಲಿಸಲೂ ಇಲ್ಲ. ಆದರೆ ನಂಬಿಕೆಯ ಮಾತು ಇವರ ಮನಸ್ಸಿಗೆ ನಾಟಿತು. ಅರವತ್ತೆಂಟರ ಮನುಷ್ಯ ರಾತ್ರಿ ಎದ್ದು ಕೂತು, ನಾನೇನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದರು.

ಯಾವ ಸತ್ಯವೇದ (ಬೈಬಲ್) ಓದುತ್ತಾರೋ ಇವರೆಲ್ಲ! ಬಾರ್ತಿಮಾಯನ ಕುರುಡು ಎದುರಿಗೇ ಕಾಣುತ್ತಿದ್ದರೂ ನಿನಗೆ ಏನು ಮಾಡಬೇಕು ಎಂದು ಯೇಸುಸ್ವಾಮಿ ಮೊದಲು ಕೇಳಿದ್ದು. ಬೇತ್ಸಾಯಿದದ ಕುರುಡನಿಗೆ ಒಂದು ಸಲ ಕೈಯಿಟ್ಟಾಗ ಜನ ನಡೆದಾಡುವ ಮರಗಳ ಹಾಗೆ ಕಂಡರು; ನಿನ್ನ ನಂಬಿಕೆ ಸಾಲದು ಎಂಬ ಮಾತು ಬರಲಿಲ್ಲ, ಇನ್ನೊಂದು ಸಲ ಕೈಯಿಟ್ಟದ್ದಾಯಿತು. ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತವೆಂಬ ಊರಲ್ಲಿ ಬಿಟ್ಟುಬಂದ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲೂ ಸಭೆಯ ಹಿರಿಯರನ್ನು ಕರೆಸಿಕೊಳ್ಳಬೇಕಾದವನು ರೋಗಿಯೇ.

ಎರಡು ವಾರದ ಮೇಲೆ ನಮ್ಮ ಸಭೆಯ ಅಜ್ಜಿಯೊಬ್ಬರು ಬಂದರು. ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ ಮುಟ್ಟಿದರೆ ನೋವಾಗಲ್ಲಪ್ಪ?" ಅಂದರು. ಇವರು ಬಲಗೈ ಚಾಚಿದರು. "ಏನಂತ ಕೇಳಲಿ?" "ರಾತ್ರಿ ಎರಡು ತಾಸು ನಿದ್ದೆ ಬಂದರೆ ಸಾಕಮ್ಮ." ಅಷ್ಟನ್ನೇ ಕೇಳಿದರು, ನಾಲ್ಕೇ ಮಾತು, ಆಮೆನ್. ಮರುದಿನ ಬೆಳಿಗ್ಗೆ ಫೋನು: ನಿದ್ದೆ ಬಂತಾ? ಇಲ್ಲ ಅಂದರು ಇವರು, ಮುಚ್ಚುಮರೆ ಇಲ್ಲದೆ. "ಸರಿ, ಇವತ್ತೂ ಕೇಳೋಣ." ಫೋನಿನಲ್ಲೇ ಕೇಳಿದರು.

ನಾವು ಕಲಿತದ್ದು ಅಷ್ಟೇ. ರಾತ್ರಿ ಮಾತ್ರೆ ಕೊಟ್ಟು, ನೀರಿನ ಲೋಟ ಕೆಳಗಿಟ್ಟು, ಆ ಬಲಗೈ ಹಿಡಿದು ಏನು ಕೇಳಲಿ ಅನ್ನುತ್ತೇನೆ. ಉರಿ ಇಳಿಯಲು ಹನ್ನೊಂದು ತಿಂಗಳು ಬೇಕಾಯಿತು. ಮಾತ್ರೆಯಿಂದಲೋ, ಕಾಲದಿಂದಲೋ, ಪ್ರಾರ್ಥನೆಯಿಂದಲೋ ಎಂದು ಭಾಗ ಹಾಕಲು ನನಗೆ ಬರುವುದಿಲ್ಲ. ಪ್ರಾರ್ಥನೆಯಿಂದ ಗುಣವಾಯಿತೆಂದು ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳಿ ಎಂದರೂ ಇವರು ಒಪ್ಪಲಿಲ್ಲ.

ಆ ಓದುಗರು ಅಮೆರಿಕದ ಅಧ್ಯಯನವೊಂದನ್ನು ಎತ್ತಿದ್ದರು. ಅದು 2006ರದ್ದು, ಹೃದಯದ ಬೈಪಾಸ್ ಆದ 1,802 ರೋಗಿಗಳದ್ದು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಶೇ 59 ಮಂದಿಗೆ ತೊಡಕುಗಳಾದವು, ಖಚಿತವಾಗಿ ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇ 52 ಮಂದಿಗೆ. ಫಲಿತಾಂಶದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಪ್ರಾರ್ಥಿಸಿದವರು ದೂರದ ಅಪರಿಚಿತರು. ಮರುದಿನ ಫೋನು ಮಾಡಿ ನಿದ್ದೆ ಬಂತಾ ಎಂದು ಕೇಳುವವರಲ್ಲ.

ಕೆಲಸದಲ್ಲಿದ್ದಾಗ ನಾನಾಗಿಯೇ ಯಾವ ರೋಗಿಯ ಮುಂದೆಯೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಸೂಜಿ ಹಿಡಿದು ನಿಂತವಳಿಗೆ ಮಲಗಿದವರು ಬೇಡ ಎನ್ನುವುದಾದರೂ ಹೇಗೆ? ಮನಸ್ಸಿನಲ್ಲೇ ಒಂದು ಮಾತು, ಅಷ್ಟೇ. ರೋಗಿಗಳನ್ನು ನೋಡಲು ಹೋಗುವ ನಮ್ಮ ಸಭೆಗಳವರು ಇಷ್ಟನ್ನಾದರೂ ಗಮನಿಸಲಿ.

ಮೊದಲು ಬಂದಿದ್ದವರು ಮತ್ತೆ ಬರುತ್ತೇನೆಂದು ಹೇಳಿಕಳಿಸಿದ್ದಾರೆ. ಬರಲಿ. ಕುರ್ಚಿಯನ್ನು ಬಲಗಡೆಗೆ ಹಾಕಿಟ್ಟಿದ್ದೇನೆ.

ಇತಿ,
ಒಬ್ಬ ನಿವೃತ್ತ ನರ್ಸ್