32 ನಿಮಿಷದ ಹುಬ್ಬಳ್ಳಿ: ಟಿಕೆಟ್ ಆ್ಯಪ್‌ಗೆ ಒಂದು ದೂರು ಪತ್ರ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮಂಗಳೂರು–ಹುಬ್ಬಳ್ಳಿ ವಿಮಾನದ ದೂರ, ಸಮಯ ದಾರಿ ತಪ್ಪಿಸುವಂತೆ ತೋರಿಸಿದ್ದು ಮತ್ತು ರದ್ದತಿ ಶುಲ್ಕ ವಾಪಸ್ ಮಾಡುವ ಬಗ್ಗೆ

ಮಾನ್ಯರೇ,

ನಾನು ಉಡುಪಿಯವನು. ಧಾರವಾಡದಲ್ಲಿ ತಂಗಿಯ ಮಗುವಿನ ನಾಮಕರಣವಿತ್ತು. ಬೆಳಿಗ್ಗೆ ಹನ್ನೊಂದೂವರೆಗೆ ಮುಹೂರ್ತ. ಸೋದರಮಾವ ಇಲ್ಲದೆ ಆಗುತ್ತದಾ? ನಿಮ್ಮ ಆ್ಯಪ್‌ನಲ್ಲಿ ಮಂಗಳೂರು–ಹುಬ್ಬಳ್ಳಿ ಅಂತ ಹುಡುಕಿದೆ. ಮೇಲೆಯೇ ದಪ್ಪ ಅಕ್ಷರದಲ್ಲಿ ಬಂತು: ದೂರ 268 ಕಿ.ಮೀ., ಹಾರಾಟದ ಸಮಯ 32 ನಿಮಿಷ. ಅದರ ಕೆಳಗೆ ಬೆಳಿಗ್ಗೆ 8 ಗಂಟೆಯ ವಿಮಾನ. ಒಂಬತ್ತರೊಳಗೆ ಹುಬ್ಬಳ್ಳಿ ಅಂದುಕೊಂಡು 6,840 ರೂಪಾಯಿ ಕಟ್ಟಿದೆ. ತಂಗಿಗೆ ಫೋನ್ ಮಾಡಿ "ತಿಂಡಿಗೇ ಬರ್ತೇನೆ" ಅಂತಲೂ ಹೇಳಿಬಿಟ್ಟೆ.

ಟಿಕೆಟ್ ಬಂದಾಗ ನೋಡಿದರೆ ಮೊದಲು ಬೆಂಗಳೂರು. ಅಲ್ಲಿ ನಾಲ್ಕು ಗಂಟೆ ಕಾಯಬೇಕು. ಆಮೇಲೆ ಇನ್ನೊಂದು ವಿಮಾನ. ಹುಬ್ಬಳ್ಳಿ ತಲುಪುವುದು ಮಧ್ಯಾಹ್ನ 2.35ಕ್ಕೆ! ಹತ್ತೇ ನಿಮಿಷದಲ್ಲಿ ರದ್ದು ಮಾಡಿದೆ. ನೀವು 3,150 ರೂಪಾಯಿ ಹಿಡಿದುಕೊಂಡಿರಿ.

'ಒಂದು ನಿಲುಗಡೆ' ಅಂತ ಪಕ್ಕದಲ್ಲೇ ಬರೆದಿತ್ತಲ್ಲ ಸಾರ್ ಎಂದರು ನಿಮ್ಮ ಸಿಬ್ಬಂದಿ. ಆಮೇಲೆ ಹುಡುಕಿ ನೋಡಿದೆ, ಇದೆ. ಬೂದು ಬಣ್ಣದಲ್ಲಿ, ಸಾಸಿವೆ ಗಾತ್ರದಲ್ಲಿ. ಅದನ್ನು ನೋಡದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ "268 ಕಿ.ಮೀ. ಸರಿಯಾಗೇ ಇದೆ" ಅಂದರಲ್ಲ, ಅದಕ್ಕೆ ಈ ಪತ್ರ.

ಸರಿ ಇರಬಹುದು ಮಾರಾಯ್ರೆ, ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಹುಬ್ಬಳ್ಳಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅಷ್ಟೇ. ಅದನ್ನು ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ವೇಗ, ಅಂದರೆ ಗಂಟೆಗೆ 500 ಕಿ.ಮೀ.ನಿಂದ ಭಾಗಿಸಿದರೆ 32 ನಿಮಿಷ ಬರುತ್ತದೆ. ಆದರೆ ನಾನು ಕೇಳಿದ ದಿನ ಆ ಗೆರೆಯ ಮೇಲೆ ಹಾರುವ ವಿಮಾನ ಒಂದೂ ಇರಲಿಲ್ಲ. ನೀವು ಮಾರಿದ ಟಿಕೆಟ್‌ನ ದಾರಿ ಬೆಂಗಳೂರಿಗೆ ಸುಮಾರು 306, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 371. ಒಟ್ಟು 677 ಕಿ.ಮೀ.! ಎರಡೂವರೆ ಪಟ್ಟು.

ನೇರ ವಿಮಾನ ಇದ್ದಿದ್ದರೂ 32 ನಿಮಿಷ ಸುಳ್ಳೇ. ವಿಮಾನ ನಿಂತಲ್ಲಿಂದ ಹೊರಟು ಇನ್ನೊಂದು ಕಡೆ ಬಂದು ನಿಲ್ಲುವವರೆಗಿನ ಹೊತ್ತನ್ನಲ್ವಾ ಟಿಕೆಟ್‌ನಲ್ಲಿ ಲೆಕ್ಕ ಹಿಡಿಯುವುದು? ರನ್‌ವೇಗೆ ಹೋಗಬೇಕು, ಏರಬೇಕು, ನಿಧಾನವಾಗಿ ಇಳಿಯಬೇಕು. ನಿಮ್ಮದೇ ಟಿಕೆಟ್‌ನಲ್ಲಿ 306 ಕಿ.ಮೀ. ದೂರದ ಬೆಂಗಳೂರಿಗೆ 1 ಗಂಟೆ 10 ನಿಮಿಷ ಅಂತ ಇದೆ. ಇನ್ನು ಮಳೆಗಾಲದಲ್ಲಿ ಬಜ್ಪೆ ಗುಡ್ಡಕ್ಕೆ ಮೋಡ ಕವಿದರೆ ಇಳಿಯಬೇಕಾದ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ತಿರುಗುವುದು ನಮಗೆ ಹೊಸದಲ್ಲ. ಆ ಮಾತು ಬಿಡಿ.

ಕೊನೆಗೆ ರಾತ್ರಿ ಬಸ್ ಹತ್ತಿದೆ. ಅಂಕೋಲಾ ದಾಟಿ ಅರಬೈಲ್ ಘಾಟಿ ಹತ್ತುವಾಗ ನಿದ್ದೆ ಹಾಳು. ಆದರೆ ಬಸ್ಸಿನವರು ಎಂಟು ಗಂಟೆ ಅಂದಿದ್ದರು, ಎಂಟು ಗಂಟೆಗೇ ಇಳಿಸಿದರು.

ಹಿಡಿದುಕೊಂಡ 3,150 ರೂಪಾಯಿ ವಾಪಸ್ ಮಾಡಿ. ನೇರ ವಿಮಾನ ಇಲ್ಲದ ಊರುಗಳಿಗೆ ಆ 'ಹಾರಾಟದ ಸಮಯ' ತೆಗೆದು, ತಲುಪುವ ಹೊತ್ತನ್ನೇ ದಪ್ಪ ಅಕ್ಷರದಲ್ಲಿ ಹಾಕಿ. ಬುಕಿಂಗ್ ಪ್ರತಿ ಮತ್ತು ಆ ಪುಟದ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಉಡುಪಿ